ಕಾರ್ಡು ಯಾರದು, ಮಗು ಯಾರದು?

"ಕಾರ್ಡು ಅತ್ತೀ ಕಡೆ ಐತ್ರಿ ಅಕ್ಕೋರ, ಕೇಳಿದ್ರ ಕೊಡೂದಿಲ್ರಿ." ಗಂಡನ ಮನೆ ಬಿಟ್ಟು ತವರಿಗೆ ಬಂದ ತಾಯಂದಿರಿಂದ ಈ ಮಾತನ್ನು ನಮ್ಮ ಕೊಪ್ಪಳ, ಯಲಬುರ್ಗಾ ಕಡೆ ಕೇಳಿದ್ದೇನೆ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಆದರೆ ಕುಟುಂಬವೆಂದರೆ ಯಾರು ಎಂಬುದನ್ನು ಹೇಳುವುದು ರೇಷನ್ ಕಾರ್ಡು. ತಾಯಿ, ಮಗು ಗಂಗಾವತಿಯಲ್ಲಿದ್ದರೂ ಹೆಸರು ಕುಷ್ಟಗಿಯ ಕಾರ್ಡಿನಲ್ಲೇ ಉಳಿದಿರುತ್ತದೆ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನು ಕಾರ್ಡಿನ ಯಜಮಾನಿ ಮಾಡಿತು, ಸಂತೋಷ. ಕೂಡುಮನೆಯಲ್ಲಿ ಆ ಹಿರಿಯಳು ಅತ್ತೆಯೇ ತಾನೆ!

ಈ ಹಣ ತಂದೆ ದುಡಿದದ್ದಲ್ಲ, ಅಜ್ಜಿ ಕೂಡಿಟ್ಟದ್ದೂ ಅಲ್ಲ. ಕಾರ್ಡಿನಲ್ಲಿರುವ ಪ್ರತಿ ಹೆಸರಿಗೂ ಅದರಲ್ಲಿ ಪಾಲಿದೆ. ಅದನ್ನು ತಡೆಯುವವರು ಸೊಸೆಯ ಮೇಲಿನ ಸಿಟ್ಟನ್ನು ಮಗುವಿನ ಕಾಯಿಲೆಯ ಮೇಲೆ ತೀರಿಸಿಕೊಳ್ಳುತ್ತಾರೆ. ಇತ್ತ "ಅವರ ಹಂಗೇ ಬ್ಯಾಡ" ಎಂದು ಬಡ್ಡಿಗೆ ಸಾಲ ತರುವ ತಾಯಿಯೂ ಇದ್ದಾಳೆ. ಅವಳ ಸ್ವಾಭಿಮಾನಕ್ಕೆ ನನ್ನ ಗೌರವವಿದೆ, ಒಪ್ಪಿಗೆಯಿಲ್ಲ. ಮಗುವಿನ ಪಾಲನ್ನು ಕೇಳುವುದರಲ್ಲಿ ಹಂಗೆಲ್ಲಿ ಬಂತು? ಗಂಡಹೆಂಡಿರ ಸಂಬಂಧ ಹರಿದರೂ ತಂದೆ-ಮಗುವಿನದು ಹರಿಯದು. ಜೀವನಾಂಶದ ಕಾನೂನೂ ಅದನ್ನೇ ಹೇಳುತ್ತದೆ.

ಆದ್ದರಿಂದ ತಂಗಿಯರೇ, ಮಗು ಆಡಿಕೊಂಡಿರುವಾಗಲೇ ತಾಲೂಕಿನ ಆಹಾರ ಶಾಖೆಗೆ ಹೋಗಿ ಹೆಸರಿನ ವಿಷಯ ವಿಚಾರಿಸಿರಿ. ಜ್ವರ ಬಂದ ರಾತ್ರಿ ಯಾವ ಕಚೇರಿಯೂ ತೆರೆದಿರುವುದಿಲ್ಲ.