ಕರ್ನಲ್ ಬ್ಲಿಂಪನೂ ಧರ್ಮಯುದ್ಧವೂ

ಶತ್ರುವು ನೀತಿಯನ್ನು ತೊರೆದು ಕಾದುವಾಗ ನೀತಿವಂತನು ತನ್ನ ನಿಯಮವನ್ನು ಬಿಡಬಹುದೇ? ಭೀಮನು ಕೌರವನ ತೊಡೆಯನ್ನು ಮುರಿದಂದಿನಿಂದಲೂ ಈ ಪ್ರಶ್ನೆಯು ವಿಚಾರವಂತರನ್ನು ಕಾಡುತ್ತ ಬಂದಿದೆ. ಎರಡನೆಯ ಮಹಾಯುದ್ಧದ ನಡುವೆಯೇ, 1943ರ ಜೂನ್ ತಿಂಗಳಲ್ಲಿ, ಲಂಡನ್ನಿನಲ್ಲಿ ತೆರೆಕಂಡ ‘ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್’ ಎಂಬ ವರ್ಣಚಿತ್ರವು ಇದನ್ನೇ ಎತ್ತಿಕೊಂಡಿತು. ಆಂಗ್ಲನಾದ ಮೈಕೇಲ್ ಪವೆಲ್ಲನೂ, ನಾಜಿಗಳ ಜರ್ಮನಿಯಿಂದ ಪಾರಾಗಿ ಬಂದ ಹಂಗೆರಿಯ ಯೆಹೂದ್ಯನಾದ ಎಮೆರಿಕ್ ಪ್ರೆಸ್‌ಬರ್ಗರನೂ ಕೂಡಿ ಇದನ್ನು ನಿರ್ಮಿಸಿದರು. ಇದು ಸೇನೆಯ ಧೈರ್ಯವನ್ನು ಕುಂದಿಸುವುದೆಂದು ಪ್ರಧಾನಿ ಚರ್ಚಿಲ್ಲನು ತಡೆಯಲೆಳಸಿದನು. ಅಂತಹ ಅಧಿಕಾರವು ಸರಕಾರಕ್ಕಿಲ್ಲವೆಂದು ಆತನ ಮಂತ್ರಿಯೇ ಉತ್ತರಿಸಬೇಕಾಯಿತು.

ಬ್ಲಿಂಪ್ ಎಂಬುದು ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಸೃಷ್ಟಿಸಿದ ಜಡಮತಿಯ ಸೇನಾಧಿಕಾರಿಯ ಹೆಸರು. ಚಿತ್ರದ ನಾಯಕನಾದ ಕ್ಲೈವ್ ಕ್ಯಾಂಡಿಯು ಮೊದಲ ನೋಟಕ್ಕೆ ಅಂತಹವನೇ. ಗೃಹರಕ್ಷಕ ದಳದ ಅಭ್ಯಾಸಕಾಳಗವು ನಡುರಾತ್ರಿಗೆ ಆರಂಭವಾಗತಕ್ಕದ್ದೆಂದು ನಂಬಿ ಆ ವೃದ್ಧನು ಹಬೆಸ್ನಾನದ ಗೃಹದಲ್ಲಿ ವಿಶ್ರಮಿಸುತ್ತಿರಲು, ತರುಣಾಧಿಕಾರಿಯೊಬ್ಬನು ಹೊತ್ತಿಗೆ ಮುನ್ನವೇ ನುಗ್ಗಿ ಆತನನ್ನು ಸೆರೆಹಿಡಿಯುತ್ತಾನೆ. ಹಗೆಯು ಹೊತ್ತು ಹೇಳಿ ಬರುವುದಿಲ್ಲವೆಂಬುದು ತರುಣನ ವಾದ.

ಈ ವಾದಕ್ಕೆ ಬಲವನ್ನೀಯುವವನು ಜರ್ಮನನಾದ ಥಿಯೋ. ಈತನು 1902ರಲ್ಲಿ ಬರ್ಲಿನ್ನಿನಲ್ಲಿ ಕ್ಯಾಂಡಿಯೊಡನೆ ಕತ್ತಿಕಾಳಗವಾಡಿ, ಅನಂತರ ಆತನ ಆಜೀವ ಮಿತ್ರನಾದವನು. ಇಬ್ಬರು ಪುತ್ರರನ್ನೂ ನಾಜಿಮತಕ್ಕೆ ಕಳೆದುಕೊಂಡು ಇಂಗ್ಲೆಂಡಿಗೆ ಶರಣುಬಂದ ಈತನು, ನಿಯಮವನ್ನು ಕಾಯ್ದುಕೊಂಡು ಸೋತರೆ ನಿಯಮಕ್ಕೇ ಮುಂದೆ ಎಡೆಯಿರದೆಂದು ಗೆಳೆಯನನ್ನು ಎಚ್ಚರಿಸುತ್ತಾನೆ. ಈ ಮಾತಿನಲ್ಲಿ ಸತ್ಯವಿದೆ. ಸೋತ ಧರ್ಮವು ದುರ್ಬಲರನ್ನು ಕಾಯಲಾರದು.

ಆದರೆ ಈ ವಾದಕ್ಕೆ ತಾನಾಗಿ ನಿಲ್ಲುವ ಗಡಿಯಿಲ್ಲ. ಚಿತ್ರವು ತೆರೆಕಂಡ ಮರುತಿಂಗಳಲ್ಲೇ ಬ್ರಿಟಿಷ್ ವಿಮಾನಗಳು ಹ್ಯಾಂಬರ್ಗ್ ನಗರದ ಮೇಲೆ ಬೆಂಕಿಯನ್ನು ಸುರಿಸಿದವು; ಆ ದಾಳಿಗಳಲ್ಲಿ 30,000ಕ್ಕೂ ಮಿಕ್ಕ ಜನರು ಮಡಿದರು. ಗೆಲುವು ಅಗತ್ಯವೆಂಬ ಒಂದೇ ನುಡಿಯು ಹೊತ್ತಿಗೆ ಮುನ್ನ ನುಗ್ಗುವುದನ್ನೂ ಸಮರ್ಥಿಸೀತು, ತೊಟ್ಟಿಲ ಕೂಸನ್ನು ಸುಡುವುದನ್ನೂ ಸಮರ್ಥಿಸೀತು. ಆದುದರಿಂದ ಮರ್ಯಾದೆ ಬೇರೆ, ಧರ್ಮ ಬೇರೆ ಎಂದು ವಿವೇಚಿಸಬೇಕಾಗುತ್ತದೆ. ಕಾಳಗದ ಹೊತ್ತನ್ನು ಗೊತ್ತುಮಾಡುವುದು ಮರ್ಯಾದೆ. ಕಾಲವು ಕೇಳಿದರೆ ಅದನ್ನು ಬಿಡಬಹುದು. ಎದುರಾಳಿಯೂ ಮನುಷ್ಯನೆಂಬ ಅರಿವು ಧರ್ಮ. ಅದನ್ನು ಬಿಟ್ಟು ಗೆದ್ದವನು ತಾನು ಯಾವುದಕ್ಕಾಗಿ ಕಾದಿದನೋ ಅದನ್ನೇ ಕಳೆದುಕೊಂಡಿರುತ್ತಾನೆ.

ಮರ್ಯಾದೆಯನ್ನು ನಂಬಿ ಮೋಸಹೋದ ಕ್ಯಾಂಡಿಯು ಧರ್ಮದಲ್ಲಿ ಸೋಲಲಿಲ್ಲ. ಶತ್ರುದೇಶದವನಾದ ಥಿಯೋವಿಗೆ ಹೊಣೆಯಾಗಿ ನಿಂತವನು ಆತನೇ. ಕಡೆಗೆ, ತನ್ನನ್ನು ಅವಮಾನಿಸಿದ ತರುಣನನ್ನು ದಂಡಿಸದೆ ಊಟಕ್ಕೆ ಕರೆಯಲು ನಿಶ್ಚಯಿಸುತ್ತಾನೆ. ನಾಲ್ವತ್ತು ವರ್ಷಗಳ ಹಿಂದೆ ಆತನನ್ನು ಗದರಿದ ಹಿರಿಯನೊಬ್ಬನೂ ಹಾಗೆಯೇ ಕರೆದಿದ್ದನು. ಅಂದು ಹೋಗದಿದ್ದುದಕ್ಕೆ ಆತನಲ್ಲಿ ಇನ್ನೂ ವ್ಯಥೆಯಿದೆ. ಬಾಂಬಿಗೆ ಮನೆಯನ್ನು ಕಳೆದುಕೊಂಡ ಆ ವೃದ್ಧನು ಸಾಗಿಹೋಗುವ ಹೊಸ ಸೇನೆಗೆ ವಂದಿಸಿ ನಿಲ್ಲುವಾಗ, ಮೊದಲು ಆತನನ್ನು ಕಂಡು ನಕ್ಕ ಪ್ರೇಕ್ಷಕನಿಗೆ ನಗು ಬಾರದು.