ನೆರೆಯವರ ಮರವೂ ನಮ್ಮ ನ್ಯಾಯವೂ

ನೆರೆಮನೆಯ ಮರದ ಕೊಂಬೆಯು ಗೋಡೆಯನ್ನು ದಾಟಿ ನಮ್ಮ ಸೂರಿನ ಮೇಲೆ ಚಾಚಿದಾಗ ಅದನ್ನು ಕಡಿಯುವ ಅಧಿಕಾರವು ನಮಗುಂಟೆ? ಇದು ಅಲ್ಪವಿಷಯವೆಂದು ವಾಚಕಮಹಾಶಯರು ನಗಬಹುದು. ಆದರೆ ಹಿತ್ತಲಿನ ಎಲ್ಲೆಗಾಗಿ ಮಾತು ಬಿಟ್ಟವರು ಕೇರಿಗೊಬ್ಬರಾದರೂ ಇರುವರು.

ನಮ್ಮ ಪೂರ್ವಿಕರು ಇದನ್ನು ಅಲ್ಪವೆಂದೆಣಿಸಲಿಲ್ಲ. ಎರಡು ಕ್ಷೇತ್ರಗಳ ಸೀಮೆಯಲ್ಲಿ ಬೆಳೆದ ಮರದ ಹೂವುಹಣ್ಣುಗಳು ಇಬ್ಬರಿಗೂ ಸಮಾನವೆಂದು ನಾರದಸ್ಮೃತಿಯು ವಿಧಿಸಿತು. ಜೀವನಾಧಾರವಾದ ಮರದ ಕೊಂಬೆಯನ್ನು ಕಡಿದವನಿಗೆ 20 ಪಣ, ಕಾಂಡವನ್ನು ಕಡಿದರೆ 40, ಬುಡಸಹಿತ ಕೆಡಹಿದರೆ 80 ಪಣ ದಂಡವೆಂದು ಯಾಜ್ಞವಲ್ಕ್ಯರ ವಚನಕ್ಕೆ ನಮ್ಮ ನಾಡಿನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅರ್ಥ ಹೇಳಿದನು. ಸೀಮೆಯ ಮರವಾದರೆ ದಂಡವು ಇಮ್ಮಡಿ.

ಇಂಗ್ಲೆಂಡಿನ ನ್ಯಾಯವು ಬೇರೆ ದಾರಿಯನ್ನು ಹಿಡಿಯಿತು. ಲೆಮನ್, ವೆಬ್ ಎಂಬಿಬ್ಬರ ವ್ಯಾಜ್ಯದಲ್ಲಿ ಲಾರ್ಡ್ಸ್ ಸಭೆಯು ಕೊಟ್ಟ ತೀರ್ಪು 1895ರ ವರದಿಗಳಲ್ಲಿದೆ. ನಮ್ಮ ನೆಲದ ಮೇಲೆ ಚಾಚಿದ ಕೊಂಬೆಯನ್ನು ನೆರೆಯವನ ನೆಲವನ್ನು ತುಳಿಯದೆ ಕಡಿಯುವುದಾದರೆ ಅವನಿಗೆ ಮುಂಚಿತವಾಗಿ ತಿಳಿಸುವ ಅಗತ್ಯವೂ ಇಲ್ಲವೆಂಬುದು ಅದರ ಸಾರ.

ಈ ಕಡೆಯ ಮಾತೇ ನನ್ನನ್ನು ಬಹುಕಾಲ ಕಾಡಿದೆ. ಹಲವು ವರ್ಷಗಳ ಹಿಂದೆ ನಂಜನಗೂಡಿನಲ್ಲಿ ಪಕ್ಕದ ಮನೆಯ ಮಾವಿನ ಕೊಂಬೆಯೊಂದು ನಮ್ಮ ಹೆಂಚುಗಳನ್ನು ಸರಿಸಿ, ಮಳೆಗಾಲದಲ್ಲಿ ಮನೆಯೆಲ್ಲ ಸೋರುತ್ತಿತ್ತು. ನೆರೆಯವರು ಮಾಘಸ್ನಾನಕ್ಕೆಂದು ತಿರುಮಕೂಡಲಿಗೆ ಹೋದ ದಿನ, ನ್ಯಾಯವು ನನ್ನದೆಂಬ ಧೈರ್ಯದಿಂದ ಆಳನ್ನು ಕರೆಸಿ ಕೊಂಬೆಯನ್ನು ಕಡಿಸಿಬಿಟ್ಟೆನು. ಅದು ತುಂಬ ಹೂ ಬಿಟ್ಟಿತ್ತು. ಸಂಜೆ ಹಿಂದಿರುಗಿದ ಆ ಹಿರಿಯರು ಎಂದಿನಂತೆ ಪ್ರಸಾದವನ್ನು ಕೊಟ್ಟು, ಮರವನ್ನೊಮ್ಮೆ ನೋಡಿ, “ಒಂದು ಮಾತು ಹೇಳಿದ್ದರೆ ಹಣ್ಣು ಮುಗಿದ ಮೇಲೆ ನಾನೇ ಕಡಿಸಿಕೊಡುತ್ತಿದ್ದೆನಲ್ಲ, ಮೇಷ್ಟ್ರೇ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕೇಳಿದರೂ ನೆರೆಯವನು ಒಪ್ಪದಿದ್ದರೆ ಸೋರುವ ಮನೆಯಲ್ಲೇ ಕುಳಿತಿರಬೇಕೆ ಎಂದು ಆಕ್ಷೇಪಿಸಬಹುದು. ಹಾಗಲ್ಲ. ಕೇಳುವುದು ಹಕ್ಕನ್ನು ಬಿಟ್ಟುಕೊಡುವುದಲ್ಲ. ಫಲವು ಮುಗಿಯುವವರೆಗೆ ಕಾಯಬಹುದು. ಕೂಲಿಯಲ್ಲಿ ಅರ್ಧವನ್ನು ತಾನು ಕೊಡುವೆನೆನ್ನಬಹುದು. ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ನಡುವೆ ಕೂರಿಸಬಹುದು. ಬಿದ್ದು ಅಪಾಯವಾಗುವಂತಿರುವ ಮರವನ್ನು ತೆಗೆಸಲು ಆಜ್ಞೆ ಮಾಡುವ ಅಧಿಕಾರವು ಮ್ಯಾಜಿಸ್ಟ್ರೇಟರಿಗೆ ಇದ್ದೇ ಇದೆ. ಕರ್ನಾಟಕದ 1976ರ ವೃಕ್ಷಸಂರಕ್ಷಣೆಯ ಕಾನೂನಿನಂತೆ ಅನೇಕ ಜಾತಿಯ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿಯೂ ಬೇಕು. ಆದರೆ ಅಧಿಕಾರಿಗೆ ಅರ್ಜಿ ಬರೆಯಲು ಹಿಂಜರಿಯದ ನಾವು ಪಕ್ಕದ ಹೊಸ್ತಿಲಿಗೆ ಹೋಗಿ ಒಂದು ಮಾತನಾಡಲು ಹಿಂಜರಿಯುವೆವು. ಕೊಂಬೆಯು ಯಾರದೆಂಬುದನ್ನು ನ್ಯಾಯಸ್ಥಾನವು ಹೇಳಬಲ್ಲುದು. ಮೊದಲು ಮಾತನಾಡತಕ್ಕವರು ಯಾರೆಂಬುದನ್ನು ಅದು ಹೇಳಲಾರದು. ಯಾರಿಗೆ ತೊಂದರೆಯೋ ಅವನೇ ಮೊದಲು ಮಾತನಾಡತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ತನ್ನ ಮರದಿಂದ ಪಕ್ಕದ ಮನೆ ಸೋರುವುದೆಂದು ಎಷ್ಟೋ ವೇಳೆ ಮರದವನಿಗೆ ತಿಳಿದೇ ಇರುವುದಿಲ್ಲ.

ತಿರುಮಕೂಡಲು ನರಸೀಪುರದ ಶ್ರೀ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಕಪಿಲಾ ಕಾವೇರಿಗಳು ಕೂಡುವ ಆ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂದು ನಮ್ಮ ಕಡೆಯ ಜನರು ನಂಬುವರು. ಆ ಬೇಸಗೆಯಲ್ಲಿ, ಉಳಿದ ಕೊಂಬೆಗಳ ಹಣ್ಣನ್ನು ಬುಟ್ಟಿಯಲ್ಲಿಟ್ಟು ನೆರೆಯವರು ಎಂದಿನಂತೆ ನಮ್ಮ ಮನೆಗೆ ಕಳುಹಿಸಿದರು. ನನ್ನ ನ್ಯಾಯಕ್ಕಿಂತ ಆ ಬುಟ್ಟಿಯು ಒಂದು ಗುಲಗಂಜಿಯಷ್ಟಾದರೂ ಹೆಚ್ಚು ತೂಗಿತು.