ಯಾವ ಬಾವುಟ ಸುಳ್ಳು ಹೇಳಬಹುದು?

ಹಡಗುಗಳು ಬಾವುಟದಲ್ಲಿ ಮಾತಾಡುತ್ತವೆ. ರೇಡಿಯೋ, ಸ್ಯಾಟಲೈಟ್ ಫೋನ್ ಎಲ್ಲ ಬಂದಮೇಲೂ ಈ ಭಾಷೆ ಸತ್ತಿಲ್ಲ. ಹಳದಿ ಬಾವುಟ, ಅಂದರೆ 'ಕ್ಯೂ', ಏರಿಸಿದರೆ "ನಮ್ಮ ಹಡಗಲ್ಲಿ ಕಾಯಿಲೆ ಇಲ್ಲ, ಬಂದರಿನೊಳಗೆ ಬಿಡಿ" ಅಂತ. 'ಎನ್' ಬಾವುಟದ ಕೆಳಗೆ 'ಸಿ' ಕಟ್ಟಿದರೆ "ಅಪಾಯದಲ್ಲಿದ್ದೇವೆ, ತಕ್ಷಣ ಬನ್ನಿ" ಅಂತ. ಒಂದೆರಡು ಅಕ್ಷರಕ್ಕೆ ಪೂರ್ತಿ ವಾಕ್ಯ. ನಮ್ಮ ಎರರ್ ಮೆಸೇಜ್ ಬರೆಯುವವರು ಇವರಿಂದ ಕಲಿಯೋದು ತುಂಬಾ ಇದೆ.

ನನ್ನ ತಲೆ ತಿನ್ನುವುದು ಬೇರೆ ಪ್ರಶ್ನೆ. ಬಾವುಟ ಸುಳ್ಳು ಹೇಳಬಹುದಾ?

1941ರ ನವೆಂಬರ್ 19. ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಿಂದ ದೂರದಲ್ಲಿ, ಆ ದೇಶದ ಯುದ್ಧನೌಕೆ 'ಸಿಡ್ನಿ'ಗೆ ಒಂದು ಸರಕಿನ ಹಡಗು ಕಾಣಿಸಿತು. ಯಾರು ನೀವು ಎಂದು ಕೇಳಿದರು. ಡಚ್ ಹಡಗು 'ಸ್ಟ್ರಾಟ್ ಮಲಕ್ಕಾ' ಎಂದು ಬಾವುಟಗಳು ಉತ್ತರಿಸಿದವು. ಅದು ನಿಜಕ್ಕೂ ಜರ್ಮನಿಯ 'ಕೋರ್ಮೊರಾನ್', ಸರಕಿನ ಹಡಗಿನ ವೇಷದಲ್ಲಿ ಫಿರಂಗಿಗಳನ್ನು ಬಚ್ಚಿಟ್ಟುಕೊಂಡು ಓಡಾಡುತ್ತಿದ್ದ ಹಡಗು. ಸಿಡ್ನಿ ಇನ್ನಷ್ಟು ಹತ್ತಿರ ಬಂದು 'ಐ', 'ಕೆ' ಎಂಬ ಎರಡು ಬಾವುಟ ಏರಿಸಿತು. ಎಲ್ಲರ ಕೈಯಲ್ಲೂ ಇರುವ ಕೋಡ್ ಪುಸ್ತಕದ ಪ್ರಕಾರ ಅದರರ್ಥ "ಚಂಡಮಾರುತಕ್ಕೆ ಸಿದ್ಧರಾಗಿ". ಜರ್ಮನ್ನರಿಗೆ ತಲೆಬುಡ ಗೊತ್ತಾಗಲಿಲ್ಲ. ಅಸಲಿಗೆ ಅದು ಸ್ಟ್ರಾಟ್ ಮಲಕ್ಕಾದ ನಾಲ್ಕಕ್ಷರದ ಗುಟ್ಟಿನ ಗುರುತಿನಲ್ಲಿ ನಡುವಿನ ಎರಡು ಅಕ್ಷರ. ಆಚೀಚಿನ ಎರಡನ್ನು ಎದುರಿನವರು ತೋರಿಸಬೇಕಿತ್ತು. ಹೆಚ್ಚುಕಮ್ಮಿ ನಮ್ಮ ಓಟಿಪಿ. ಕೊನೆಗೆ ಸಿಡ್ನಿ ನೇರವಾಗಿಯೇ ಕೇಳಿತು: ನಿಮ್ಮ ರಹಸ್ಯ ಗುರುತು ತೋರಿಸಿ. ಇನ್ನು ನಾಟಕ ನಡೆಯುವುದಿಲ್ಲ ಎಂದು ಕ್ಯಾಪ್ಟನ್ ಡೆಟ್ಮರ್ಸ್ ಡಚ್ ಬಾವುಟ ಇಳಿಸಿದ, ಜರ್ಮನ್ ಬಾವುಟ ಏರಿಸಿದ, ಗುಂಡಿನ ಮಳೆಗರೆದ. ಎರಡೂ ಹಡಗು ಮುಳುಗಿದವು. ಜರ್ಮನ್ನರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಬದುಕಿದರು. ಸಿಡ್ನಿಯ 645 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಡೆಟ್ಮರ್ಸ್ ಬಾವುಟ ಬದಲಿಸಿದ್ದು ಸುಮ್ಮನೆ ಅಲ್ಲ. ಸಮುದ್ರಯುದ್ಧದ ನಿಯಮವೇ ಹಾಗಿದೆ. ಬೇರೆಯವರ ಬಾವುಟ ಹಾರಿಸಿ ಏಮಾರಿಸಬಹುದು, ಆದರೆ ಗುಂಡು ಹಾರಿಸುವ ಮುಂಚೆ ನಿನ್ನದನ್ನು ಏರಿಸಬೇಕು. 1977ರಲ್ಲಿ ಜಿನೀವಾ ಒಪ್ಪಂದಕ್ಕೆ ಹೊಸ ಪ್ರೋಟೋಕಾಲ್ ಸೇರಿಸಿ, ಶತ್ರುವಿನ ಬಾವುಟ, ಯೂನಿಫಾರ್ಮ್ ಮರೆಯಲ್ಲಿ ದಾಳಿ ಮಾಡುವುದನ್ನು ನಿಷೇಧಿಸಿದಾಗಲೂ ಸಮುದ್ರದ ಈ ಹಳೇ ಪದ್ಧತಿಯನ್ನು ಮುಟ್ಟಲಿಲ್ಲ.

ಗಂಟೆಗಟ್ಟಲೆ ಸುಳ್ಳು, ಕೊನೆಯಲ್ಲಿ ಕೆಲವೇ ಸೆಕೆಂಡು ಸತ್ಯ. ಇದೆಂಥ ಬೂಟಾಟಿಕೆ ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ಸೆಕೆಂಡುಗಳು ಎದುರಿನವನನ್ನು ಉಳಿಸುವುದಕ್ಕಲ್ಲ. ಕೊಲ್ಲುವುದಾದರೆ ನಿನ್ನ ಹೆಸರಲ್ಲೇ ಕೊಲ್ಲು, ಪಾಪದ ಡಚ್ಚಿನವನ ತಲೆಗೆ ಕಟ್ಟಬೇಡ ಅನ್ನೋದಕ್ಕೆ.

ಇದೇ ನಿಯಮ ಬಿಳಿ ಬಾವುಟದ ವಿಷಯದಲ್ಲಿ ಒಂದಿಂಚೂ ಬಗ್ಗುವುದಿಲ್ಲ. ಶರಣಾದಂತೆ ನಟಿಸಿ ಕೊಲ್ಲುವುದು, ಮುಳುಗುತ್ತಿದ್ದೇನೆ ಎಂದು ಕರೆದು ಕೊಲ್ಲುವುದು ಉಪಾಯವಲ್ಲ, ವಿಶ್ವಾಸಘಾತ. ಯಾಕೆ? ಎರಡೂ ಸುಳ್ಳೇ ತಾನೆ?

ವ್ಯತ್ಯಾಸ ಇರುವುದು ಕೇಳುವವನಲ್ಲಿ. ನೀನು ಯಾರು ಅನ್ನುವ ಬಾವುಟವನ್ನು ಅನುಮಾನಿಸುವ ಹಕ್ಕು ಸಿಡ್ನಿಗಿತ್ತು. ಅದು ಅನುಮಾನಿಸಿತು ಕೂಡ. 'ಎನ್‌ಸಿ' ಕಂಡ ಕ್ಯಾಪ್ಟನ್ನಿಗೆ ಅನುಮಾನಿಸುತ್ತಾ ಕೂರುವ ಹಕ್ಕಿಲ್ಲ. ತನ್ನ ಹಡಗಿಗೆ ಅಪಾಯವಿಲ್ಲದಿದ್ದರೆ ಹೋಗಲೇಬೇಕು. ಅಲ್ಲಿ ಹೇಳಿದ ಸುಳ್ಳಿನ ಬೆಲೆ ಕೊಡುವವನು ಮೋಸ ಹೋದವನೊಬ್ಬನೇ ಅಲ್ಲ. ಮುಂದೆ ಯಾವತ್ತೋ, ಎಲ್ಲೋ, ನಿಜವಾಗಿ ಮುಳುಗುವವನು.

ಈ ತಕ್ಕಡಿಯಲ್ಲಿ ತೂಗಿದರೆ ಧರ್ಮರಾಯ ಡೆಟ್ಮರ್ಸ್‌ಗಿಂತ ಕೆಳಗಿಳಿಯುತ್ತಾನೆ ಅಂತ ನನ್ನ ಲೆಕ್ಕ. ಅಶ್ವತ್ಥಾಮ ಸತ್ತನಾ ಎಂದು ದ್ರೋಣ ಕೇಳಿದ್ದು ಧರ್ಮರಾಯನನ್ನೇ, ಯಾಕಂದರೆ ಅವನೊಬ್ಬನ ಮಾತನ್ನು ಪರೀಕ್ಷೆ ಮಾಡಬೇಕಿರಲಿಲ್ಲ. ಆನೆಯ ಹೆಸರು ಮೆಲ್ಲಗೆ ಸೇರಿಸಿದ್ದು ಟೆಕ್ನಿಕಲಿ ಕರೆಕ್ಟ್ ಇರಬಹುದು. ಆದರೂ ರಥ ನೆಲಕ್ಕಿಳಿಯಿತು.

ನಮ್ಮೂರಲ್ಲಿ ಹುಡುಗರು ಎಲ್ಲದಕ್ಕೂ ಸುಳ್ಳು ಹೇಳುತ್ತಿದ್ದೆವು, ಮೇಷ್ಟ್ರು ಬಂದ್ರು, ಹಾವು ಬಂತು ಅಂತೆಲ್ಲ. "ಬಾವಿಗೆ ಬಿದ್ರು" ಅಂತ ಮಾತ್ರ ಯಾರೂ ತಮಾಷೆಗೂ ಕೂಗುತ್ತಿರಲಿಲ್ಲ. ಈಗ ಫೋನಿನಲ್ಲಿ ದಿನಾ ಅದೇ ಕೂಗು. ಆಸ್ಪತ್ರೆಯಲ್ಲಿದ್ದೀನಿ, ಅರ್ಜೆಂಟ್, ಈ ನಂಬರಿಗೆ ದುಡ್ಡು ಹಾಕು. ಹೋದ ವರ್ಷ ರಾತ್ರಿ ಹನ್ನೊಂದಕ್ಕೆ ಚಿಕ್ಕಪ್ಪನಿಂದ ಹೀಗೇ ಮೆಸೇಜ್ ಬಂತು. ದುಡ್ಡು ಹಾಕುವ ಮುಂಚೆ ಫೋನ್ ಮಾಡಿದೆ, ಎರಡು ಪ್ರಶ್ನೆ ಕೇಳಿದೆ. "ಯಾಕೋ, ನಾನೇ ಅಂತ ಗೊತ್ತಾಗ್ಲಿಲ್ವೇನೋ?" ಅಂದರು. ಅವರೇ. ಚಿಕ್ಕಮ್ಮನಿಗೆ ನಿಜವಾಗಿಯೂ ಎದೆನೋವು. ಕೇಳಿದ್ದು ಸರಿಯೇ, ಈಗಲೂ ಕೇಳುತ್ತೇನೆ. ಆದರೆ ಆ ಐದು ನಿಮಿಷವನ್ನು ಅವರಿಂದ ಕಿತ್ತುಕೊಂಡವರು ಅವರನ್ನು ಯಾವತ್ತೂ ನೋಡಿಯೇ ಇಲ್ಲ.

ಆಮೇಲೆ ನಮ್ಮ ಮನೆಯವರೆಲ್ಲ ಸೇರಿ ಒಂದು ರಹಸ್ಯ ಗುರುತು ಮಾಡಿಕೊಂಡಿದ್ದೇವೆ, ಹಳೇ ಎಮ್ಮೆಯೊಂದರ ಹೆಸರು. ಆಸ್ಪತ್ರೆ ಬಾಗಿಲಲ್ಲಿ ನಿಂತಿರುವಾಗ ಅದು ಚಿಕ್ಕಪ್ಪನಿಗೆ ನೆನಪಾಗುತ್ತೋ ಇಲ್ಲವೋ ಗೊತ್ತಿಲ್ಲ.